ತುಂಬು ಬಸುರಿನಲ್ಲಿ ಮೈಬೊಜ್ಜಿನ ಹತೋಟಿ



ಬಸುರಿಯ ಆರೋಗ್ಯದ ಮಾತು ಬಂದೊಡನೆ ನಮ್ಮ ನಾಡಿನವರಿಗೆ ಮೊದಲು ನೆನಪಾಗುವುದು ಕೊರತೆ. ಅನ್ನದ ಕೊರತೆ, ಹಾಲಿನ ಕೊರತೆ, ರಕ್ತದ ಕೊರತೆ. ಬಡಕಲು ತಾಯಿ ಬಡಕಲು ಕೂಸನ್ನು ಹೆರುವುದನ್ನು ತಲೆಮಾರುಗಳಿಂದ ಕಂಡು ನೊಂದ ನಮ್ಮ ಹಿರಿಯರು, ಬಸುರಿಗೆ ಬಡಿಸುವ ಕೈಯನ್ನು ಎಂದಿಗೂ ಬಿಗಿಹಿಡಿಯಬಾರದೆಂದು ವಿಧಿಸಿದರು. ಆ ವಿಧಿ ಕರುಣೆಯಿಂದ ಹುಟ್ಟಿದ್ದು. ಅದನ್ನು ನಾವು ಹಗುರವಾಗಿ ಕಾಣತಕ್ಕದ್ದಲ್ಲ. ಆದರೆ ಕಾಲವು ಬದಲಾಗಿದೆ. ೨೦೧೯ರಿಂದ ೨೦೨೧ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನು ನೋಡಿದರೆ, ಕರ್ನಾಟಕದಲ್ಲಿ ಹೆರುವ ವಯಸ್ಸಿನ ಸ್ತ್ರೀಯರ ಪೈಕಿ ನೂರಕ್ಕೆ ಸುಮಾರು ೧೭ ಮಂದಿ ತೀರ ಕೃಶರಾಗಿದ್ದಾರೆ. ಸುಮಾರು ೩೦ ಮಂದಿ ಅಳತೆಗೆ ಮೀರಿದ ತೂಕದವರಾಗಿದ್ದಾರೆ. ಒಂದೇ ಬೀದಿಯಲ್ಲಿ ಈ ಎರಡು ಬಗೆಯ ತಾಯಂದಿರೂ ಇದ್ದಾರೆ. ಮೊದಲನೆಯವರಿಗೆ ಹೇಳಬೇಕಾದ ಬುದ್ಧಿಮಾತನ್ನು ಎರಡನೆಯವರಿಗೂ ಹೇಳಿದರೆ ಅದು ಹಿತವಾಗದೆ ಅಹಿತವಾಗುತ್ತದೆ.

ಈ ದಿನದ ಭಾಷಣದಲ್ಲಿ ನಾವು ವಿಚಾರ ಮಾಡತಕ್ಕದ್ದು ಎರಡನೆಯವರ ವಿಷಯ. ಅದರಲ್ಲಿಯೂ ಏಳನೆಯ ತಿಂಗಳಿಂದ ಹೆರಿಗೆಯವರೆಗಿನ ಅವಧಿಯ ವಿಷಯ. ಬಸುರಾಗುವುದಕ್ಕೆ ಮುಂಚೆಯೇ ಮೈ ತೂಕವನ್ನು ಹದಕ್ಕೆ ತಂದುಕೊಳ್ಳುವುದು ಉತ್ತಮವೆಂಬುದು ನಿಜ. ಆದರೆ ದಿನ ತುಂಬುತ್ತಿರುವ ಸ್ತ್ರೀಗೆ ಆ ಮಾತಿನಿಂದ ಏನು ಪ್ರಯೋಜನ? ಆಕೆಯ ಪ್ರಶ್ನೆ ಬೇರೆ: 'ಮೈ ಮೊದಲೇ ಭಾರವಾಗಿದೆ, ಕೂಸು ಒಳಗೆ ಬೆಳೆಯುತ್ತಿದೆ; ಉಳಿದ ಈ ಮೂರು ತಿಂಗಳಲ್ಲಿ ನಾನು ಏನು ಮಾಡಲಿ?' ಈ ಪ್ರಶ್ನೆಗೆ ಮನೆಗಳಲ್ಲಿ ಎರಡು ಉತ್ತರಗಳು ದೊರೆಯುತ್ತವೆ. ಒಂದು, 'ಇಬ್ಬರ ಊಟ ಉಣ್ಣು' ಎಂಬುದು. ಇನ್ನೊಂದು, 'ಕೂಸು ದಪ್ಪವಾದರೆ ಹೆರಿಗೆ ಕಷ್ಟ, ಊಟ ಬಿಡು' ಎಂಬುದು. ಇವೆರಡೂ ತಪ್ಪು ದಾರಿಗಳೆಂಬುದನ್ನೂ, ನಡುವೆ ಒಂದು ಸುಗಮವಾದ ದಾರಿ ಇದೆಯೆಂಬುದನ್ನೂ ತೋರಿಸುವುದೇ ನಮ್ಮ ಉದ್ದೇಶ.

ಮೊದಲು, ಬೊಜ್ಜೆಂದು ಯಾವುದನ್ನು ಕರೆಯುತ್ತೇವೆಂಬುದನ್ನು ನಿಶ್ಚಯಿಸಿಕೊಳ್ಳೋಣ. ಕಣ್ಣಳತೆ ಇಲ್ಲಿ ಸಾಲದು. ಕಿಲೋಗ್ರಾಮಿನಲ್ಲಿ ಹೇಳಿದ ತೂಕವನ್ನು ಮೀಟರಿನಲ್ಲಿ ಹೇಳಿದ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಅಂಕಿಯನ್ನು ವೈದ್ಯರು ಅಳತೆಗೋಲಾಗಿ ಬಳಸುತ್ತಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಬೆಲ್ಜಿಯಂ ದೇಶದ ಕ್ವೆಟ್ಲೆ ಎಂಬ ಗಣಿತಜ್ಞನು ಕಂಡುಹಿಡಿದ ಲೆಕ್ಕ ಇದು. ಉದಾಹರಣೆಗೆ, ೧೫೨ ಸೆಂಟಿಮೀಟರ್ ಎತ್ತರದ ಸ್ತ್ರೀ ೭೦ ಕಿಲೋಗ್ರಾಂ ತೂಗಿದರೆ ಆಕೆಯ ಅಂಕಿ ಸುಮಾರು ೩೦. ಈ ಅಂಕಿ ೧೮.೫ರಿಂದ ೨೫ರ ಒಳಗಿದ್ದರೆ ಸಮತೂಕವೆಂದೂ, ೨೫ರಿಂದ ೩೦ರ ಒಳಗಿದ್ದರೆ ಅಧಿಕ ತೂಕವೆಂದೂ, ೩೦ ಮುಟ್ಟಿದರೆ ಸ್ಥೂಲತೆಯೆಂದೂ ಲೋಕದಲ್ಲಿ ಸಾಮಾನ್ಯವಾದ ವಿಂಗಡಣೆ. ಭಾರತೀಯರ ದೇಹದಲ್ಲಿ ಅದೇ ತೂಕಕ್ಕೆ ಮೇದಸ್ಸಿನ ಪಾಲು ಹೆಚ್ಚಾಗಿರುವುದರಿಂದ, ನಮ್ಮವರಿಗೆ ೨೩ಕ್ಕೆ ಎಚ್ಚರಿಕೆಯನ್ನೂ ೨೫ಕ್ಕೆ ಸ್ಥೂಲತೆಯನ್ನೂ ಎಣಿಸಬೇಕೆಂದು ನಮ್ಮ ದೇಶದ ತಜ್ಞರು ೨೦೦೯ರಲ್ಲಿ ಅಭಿಪ್ರಾಯಪಟ್ಟರು. ಒಂದು ಮಾತನ್ನು ಮರೆಯಬಾರದು: ಈ ಲೆಕ್ಕಕ್ಕೆ ಬೇಕಾದದ್ದು ಬಸುರಿಗೆ ಮುಂಚಿನ, ಇಲ್ಲವೆ ಮೊದಲ ಮೂರು ತಿಂಗಳೊಳಗಿನ ತೂಕ. ಎಂಟನೆಯ ತಿಂಗಳಿನ ತೂಕವನ್ನು ಹಿಡಿದು ಲೆಕ್ಕ ಹಾಕಿದರೆ ಉತ್ತರ ತಪ್ಪುತ್ತದೆ. ಮೊದಲ ಭೇಟಿಯ ತೂಕವು ತಾಯಿ ಕಾರ್ಡಿನಲ್ಲಿ ಬರೆದಿರುತ್ತದೆ. ಅದನ್ನು ಜೋಪಾನವಾಗಿ ಇಟ್ಟುಕೊಳ್ಳತಕ್ಕದ್ದು.

ಇನ್ನು, ಬಸುರಿನಲ್ಲಿ ತೂಕ ಏರುವುದೇಕೆ? ಅದೆಲ್ಲವೂ ಬೊಜ್ಜಲ್ಲ. ಆರೋಗ್ಯವಂತಳಾದ ಸಾಧಾರಣ ಸ್ತ್ರೀಯ ತೂಕ ಒಂಬತ್ತು ತಿಂಗಳಲ್ಲಿ ೧೨.೫ ಕಿಲೋಗ್ರಾಂ ಏರಿತೆಂದು ಇಟ್ಟುಕೊಳ್ಳೋಣ. ಬ್ರಿಟನ್ನಿನ ಶರೀರಶಾಸ್ತ್ರಜ್ಞರು ಇದನ್ನು ಬಿಡಿಸಿ ಲೆಕ್ಕ ಕೊಟ್ಟಿದ್ದಾರೆ. ಕೂಸು ಸುಮಾರು ೩,೪೦೦ ಗ್ರಾಂ, ಮಾಸು ೬೫೦, ಗರ್ಭದ ನೀರು ೮೦೦, ಬೆಳೆದ ಗರ್ಭಕೋಶ ೯೭೦, ತುಂಬಿದ ಸ್ತನಗಳು ೪೦೦, ಹೆಚ್ಚಿದ ರಕ್ತ ೧,೪೫೦, ಮೈಯಲ್ಲಿ ನಿಂತ ನೀರು ೧,೪೮೦. ಇವನ್ನು ಕೂಡಿಸಿದರೆ ಒಂಬತ್ತು ಕಿಲೋಗ್ರಾಮಿಗೆ ಸ್ವಲ್ಪ ಮೇಲಾಯಿತು. ಉಳಿದ ಸುಮಾರು ಮೂರೂಕಾಲು ಕಿಲೋಗ್ರಾಂ ಮೇದಸ್ಸು; ಇದು ಬಾಣಂತನದಲ್ಲಿ ಹಾಲು ಕುಡಿಸುವ ಕಾಲಕ್ಕೆಂದು ಪ್ರಕೃತಿ ಕೂಡಿಟ್ಟ ಗಂಟು. ಈಗ ವಿಚಾರ ಮಾಡಿರಿ: ಯಾವಾಕೆಯ ಮೈಯಲ್ಲಿ ಈ ಗಂಟು ಮೊದಲೇ ಧಾರಾಳವಾಗಿದೆಯೋ ಆಕೆ ಅದನ್ನು ಮತ್ತೆ ಕೂಡಿಡಬೇಕಾದ ಅಗತ್ಯವಿಲ್ಲ. ೨೦೦೯ರಲ್ಲಿ ಅಮೆರಿಕದ ವೈದ್ಯಕೀಯ ಸಂಸ್ಥೆಯೊಂದು ಪ್ರಕಟಿಸಿದ, ಇಂದಿಗೂ ಅನೇಕ ದೇಶಗಳಲ್ಲಿ ಬಳಕೆಯಲ್ಲಿರುವ ಪ್ರಮಾಣಕ್ಕೆ ತಳಹದಿ ಇದೇ. ಅದರಂತೆ ಸಮತೂಕದ ಸ್ತ್ರೀ ಬಸುರಿನಲ್ಲಿ ಒಟ್ಟು ೧೧.೫ರಿಂದ ೧೬ ಕಿಲೋಗ್ರಾಂ ಏರಬಹುದು. ಅಧಿಕ ತೂಕದವಳು ೭ರಿಂದ ೧೧.೫, ಅಂಕಿ ೩೦ ಮುಟ್ಟಿದವಳು ೫ರಿಂದ ೯. ಕೊನೆಯ ತಿಂಗಳುಗಳ ವಾರದ ಲೆಕ್ಕ ಹೇಳುವುದಾದರೆ, ಈ ಕಡೆಯ ವರ್ಗದವಳಿಗೆ ವಾರಕ್ಕೆ ಸುಮಾರು ೨೨೦ ಗ್ರಾಂ, ಎಂದರೆ ಕಾಲು ಕಿಲೋಗ್ರಾಮಿಗೂ ಕಡಿಮೆ ಏರಿದರೆ ಸಾಕು. ಆಕೆಯ ಗುರಿ ತೂಕ ಇಳಿಸುವುದಲ್ಲ, ಏರಿಕೆಯನ್ನು ನಿಧಾನಗೊಳಿಸುವುದು. ನಮ್ಮ ಇಡೀ ಭಾಷಣದ ಸಾರವನ್ನು ಈ ಒಂದು ವಾಕ್ಯದಲ್ಲಿ ಹೇಳಿದಂತಾಯಿತು.

ಏರಿಕೆ ಮಿತಿ ಮೀರಿದರೆ ಕೇಡೇನು? ಐದನೆಯ ತಿಂಗಳು ಕಳೆದ ಮೇಲೆ ಮಾಸಿನಿಂದ ಹೊರಡುವ ಕೆಲವು ರಸಗಳು ತಾಯಿಯ ಇನ್ಸುಲಿನ್ನಿನ ಕೆಲಸವನ್ನು ತಡೆಯುತ್ತವೆ. ಕೂಸಿಗೆ ಸಕ್ಕರೆ ಧಾರಾಳವಾಗಿ ದೊರೆಯಲೆಂದು ಪ್ರಕೃತಿ ಮಾಡಿದ ಏರ್ಪಾಡಿದು. ಸಾಧಾರಣ ಸ್ತ್ರೀಯ ಮೇದೋಜೀರಕಾಂಗವು ಹೆಚ್ಚು ಇನ್ಸುಲಿನ್ ಸುರಿಸಿ ಇದನ್ನು ಸರಿದೂಗಿಸುತ್ತದೆ. ಬೊಜ್ಜಿನ ಮೈಯಲ್ಲಾದರೋ ಇನ್ಸುಲಿನ್ನಿಗೆ ಮೊದಲೇ ಅಡ್ಡಿಯಿರುತ್ತದೆ. ಅಡ್ಡಿಯ ಮೇಲೆ ಅಡ್ಡಿ ಬಿದ್ದು ರಕ್ತದಲ್ಲಿ ಸಕ್ಕರೆ ಏರುತ್ತದೆ. ಇದೇ ಬಸುರಿನ ಸಿಹಿಮೂತ್ರ. ತಾಯಿಯ ಸಕ್ಕರೆ ಮಾಸನ್ನು ದಾಟಿ ಕೂಸಿಗೆ ಹೋಗುತ್ತದೆ. ತಾಯಿಯ ಇನ್ಸುಲಿನ್ ದಾಟುವುದಿಲ್ಲ. ಆದ್ದರಿಂದ ಕೂಸು ತನ್ನದೇ ಇನ್ಸುಲಿನ್ನನ್ನು ಹೆಚ್ಚಾಗಿ ಸುರಿಸಿ, ಬಂದ ಸಕ್ಕರೆಯನ್ನೆಲ್ಲ ಮೇದಸ್ಸು ಮಾಡಿಕೊಂಡು ದಪ್ಪವಾಗುತ್ತದೆ. ಡೆನ್ಮಾರ್ಕಿನ ಪೆಡರ್ಸನ್ ಎಂಬ ವೈದ್ಯರು ಕಳೆದ ಶತಮಾನದ ನಡುಭಾಗದಲ್ಲಿ ಕೊಟ್ಟ ಈ ವಿವರಣೆಯನ್ನು ೨೦೦೮ರಲ್ಲಿ ಪ್ರಕಟವಾದ ಒಂಬತ್ತು ದೇಶಗಳ ದೊಡ್ಡ ಸಂಶೋಧನೆಯೊಂದು ಸಮರ್ಥಿಸಿತು: ತಾಯಿಯ ಸಕ್ಕರೆ ಮೆಟ್ಟಿಲು ಮೆಟ್ಟಿಲಾಗಿ ಏರಿದಂತೆ ಕೂಸಿನ ದಪ್ಪವೂ ಮೆಟ್ಟಿಲು ಮೆಟ್ಟಿಲಾಗಿಯೇ ಏರುತ್ತದೆ. ಹಾಗೆ ದಪ್ಪವಾದ ಕೂಸಿನ ತಲೆ ಹೊರಬಂದ ಮೇಲೆ ಭುಜ ಸಿಕ್ಕಿಕೊಳ್ಳುವುದುಂಟು. ಅದು ಸೂಲಗಿತ್ತಿಯನ್ನೂ ವೈದ್ಯರನ್ನೂ ಒಂದೇ ಸಮನೆ ನಡುಗಿಸತಕ್ಕ ಗಳಿಗೆ.

ಇಷ್ಟೇ ಅಲ್ಲದೆ ಭಾರವಾದ ಮೈಯವರಲ್ಲಿ ರಕ್ತದ ಒತ್ತಡ ಏರುವುದೂ, ಅದರಿಂದ ಬಸುರಿನ ನಂಜು ತಲೆದೋರುವುದೂ, ನೋವು ನಿಧಾನವಾಗಿ ಸಾಗಿ ಶಸ್ತ್ರಕ್ರಿಯೆಯ ಅವಶ್ಯಕತೆ ಬೀಳುವುದೂ, ಹೆರಿಗೆಯ ತರುವಾಯ ರಕ್ತಸ್ರಾವವಾಗುವುದೂ, ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವುದೂ ಉಳಿದವರಿಗಿಂತ ಹೆಚ್ಚು. ಕೂಸು ಗರ್ಭದಲ್ಲಿಯೇ ತೀರಿಹೋಗುವ ಅಪಾಯವೂ ಸ್ವಲ್ಪ ಹೆಚ್ಚು. ಹೆದರಿಸುವುದಕ್ಕಾಗಿ ನಾವು ಈ ಮಾತುಗಳನ್ನು ಆಡುತ್ತಿಲ್ಲ. ಭಾರವಾದ ಮೈಯ ತಾಯಂದಿರಲ್ಲಿ ಬಹುಮಂದಿ ಸುಖವಾಗಿಯೇ ಹೆತ್ತು ಆರೋಗ್ಯವಂತ ಕೂಸನ್ನು ಎತ್ತಿಕೊಂಡು ಮನೆಗೆ ಬರುತ್ತಾರೆ. ಅಪಾಯವೆಲ್ಲಿದೆಯೆಂದು ತಿಳಿದವರು ಅದನ್ನು ಮೊದಲೇ ಕಂಡು ತಪ್ಪಿಸಿಕೊಳ್ಳಬಹುದು. ಹೇಳುವ ಉದ್ದೇಶ ಅದಿಷ್ಟೇ.

ಈ ವಿಷಯದಲ್ಲಿ ನಮ್ಮ ಮೈಸೂರು ನಗರವು ಲೋಕಕ್ಕೆ ಒಂದು ಪಾಠವನ್ನು ಕಲಿಸಿದೆ. ಜನರು ಮಿಷನ್ ಆಸ್ಪತ್ರೆಯೆಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ೧೯೩೪ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆ, ತಾಯಿಯ ತೂಕ ಇವನ್ನೆಲ್ಲ ದಫ್ತರಗಳಲ್ಲಿ ಬರೆದಿಟ್ಟಿದ್ದರು. ಅರ್ಧ ಶತಮಾನದ ಮೇಲೆ ಸಂಶೋಧಕರು ಆ ದಫ್ತರಗಳನ್ನು ತೆರೆದು, ೧೯೩೪ರಿಂದ ೧೯೫೪ರೊಳಗೆ ಅಲ್ಲಿ ಹುಟ್ಟಿ ಇನ್ನೂ ಆ ಸುತ್ತಿನಲ್ಲಿಯೇ ಬಾಳುತ್ತಿದ್ದ ಐನೂರಕ್ಕೂ ಹೆಚ್ಚು ಮಂದಿಯನ್ನು ಹುಡುಕಿ ಪರೀಕ್ಷಿಸಿದರು. ೧೯೯೬ರಲ್ಲಿ ಪ್ರಕಟವಾದ ಫಲವೇನೆಂದರೆ, ಹುಟ್ಟುವಾಗ ಎರಡೂವರೆ ಕಿಲೋಗ್ರಾಂ ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ನೂರಕ್ಕೆ ೧೧ ಮಂದಿಗೆ ಹೃದ್ರೋಗವಿತ್ತು, ೩.೧ ಕಿಲೋಗ್ರಾಂ ಇಲ್ಲವೆ ಹೆಚ್ಚು ತೂಗಿದವರಲ್ಲಿ ನೂರಕ್ಕೆ ೩ ಮಂದಿಗೆ ಮಾತ್ರ. ಇಷ್ಟರಿಂದಲೇ ದೊಡ್ಡ ಕೂಸೆಲ್ಲವೂ ಒಳ್ಳೆಯದೆಂದು ಹೇಳಿಬಿಡಬಹುದಾಗಿತ್ತು. ಆದರೆ ೧೯೯೮ರಲ್ಲಿ ಅದೇ ಜನರ ಸಿಹಿಮೂತ್ರರೋಗದ ಲೆಕ್ಕ ಹೊರಬಂದಾಗ ಬೇರೊಂದು ಚಿತ್ರ ಕಂಡಿತು. ಹುಟ್ಟುವಾಗ ಉದ್ದ ಸಾಲದೆ ಗಿಡ್ಡಗೆ, ಗುಂಡಗೆ ಇದ್ದವರಲ್ಲಿಯೂ, ಭಾರವಾದ ತಾಯಂದಿರ ಹೊಟ್ಟೆಯಲ್ಲಿ ಹುಟ್ಟಿದವರಲ್ಲಿಯೂ ಆ ರೋಗ ಹೆಚ್ಚಾಗಿತ್ತು. ಕೂಸು ಬಡಕಲಾದರೆ ಒಂದು ಕಷ್ಟ, ಬರಿಯ ಮೇದಸ್ಸಿನಿಂದ ತುಂಬಿಕೊಂಡರೆ ಇನ್ನೊಂದು ಕಷ್ಟ. ಬಸುರಿನ ಕೊನೆಯ ತಿಂಗಳುಗಳ ಊಟದ ಲೆಕ್ಕವು ಆ ಕೂಸಿನ ಐವತ್ತನೆಯ ವಯಸ್ಸಿನವರೆಗೂ ಹೋಗಿ ಮುಟ್ಟಬಹುದೆಂಬುದು ಎಷ್ಟು ಗಂಭೀರವಾದ ಸಂಗತಿ!

ಹಾಗಾದರೆ ಊಟ ಬಿಟ್ಟು ಕೂಸನ್ನು ಚಿಕ್ಕದಾಗಿ ಮಾಡಬಹುದಲ್ಲವೆ ಎಂದು ಕೆಲವರು ಕೇಳುವರು. ಇದು ಹೊಸ ಯೋಚನೆಯೇನೂ ಅಲ್ಲ. ೧೮೮೯ರಲ್ಲಿ ಜರ್ಮನಿಯ ಪ್ರೊಖೋವ್ನಿಕ್ ಎಂಬ ವೈದ್ಯರು, ಕಟಿಯ ಎಲುಬು ಇಕ್ಕಟ್ಟಾಗಿರುವ ಸ್ತ್ರೀಯರಿಗೆ ಕಡೆಯ ವಾರಗಳಲ್ಲಿ ಅನ್ನ ನೀರುಗಳನ್ನು ಬಿಗಿಹಿಡಿದು ಚಿಕ್ಕ ಕೂಸನ್ನು ಹೆರಿಸುವ ಪಥ್ಯವನ್ನು ಪ್ರಚಾರಕ್ಕೆ ತಂದರು. ಶಸ್ತ್ರಕ್ರಿಯೆಯೆಂದರೆ ಸಾವಿನ ಬಾಗಿಲೆಂಬಂತಿದ್ದ ಆ ಕಾಲದಲ್ಲಿ ಅದಕ್ಕೆ ಒಂದು ಅರ್ಥವಿತ್ತು, ಇಂದು ಇಲ್ಲ. ಬಸುರಿಯ ಹಸಿವು ಏನು ಮಾಡುತ್ತದೆಂಬುದನ್ನು ಜಗತ್ತು ಯುದ್ಧಕಾಲದಲ್ಲಿ ಬಹಳ ದುಃಖದಿಂದ ಕಲಿಯಿತು. ೧೯೪೪-೪೫ರ ಚಳಿಗಾಲದಲ್ಲಿ ಹಾಲೆಂಡಿನ ಪಶ್ಚಿಮ ಭಾಗಕ್ಕೆ ಆಹಾರ ಬರುವುದು ನಿಂತು, ಒಬ್ಬೊಬ್ಬರಿಗೆ ದಿನಕ್ಕೆ ಒಂದು ಸಾವಿರ ಕ್ಯಾಲೊರಿಗಿಂತಲೂ ಕಡಿಮೆ ಪಡಿ ಉಳಿಯಿತು. ಬಸುರಿನ ಕೊನೆಯ ಮೂರು ತಿಂಗಳು ಆ ಬರಕ್ಕೆ ಸಿಕ್ಕಿದ ತಾಯಂದಿರ ಕೂಸುಗಳು ಸುಮಾರು ೩೦೦ ಗ್ರಾಂ ಕಡಿಮೆ ತೂಗಿದವು. ಅವರು ದೊಡ್ಡವರಾದ ಮೇಲೆ ಸಕ್ಕರೆಯನ್ನು ಅರಗಿಸುವ ಶಕ್ತಿಯೂ ಕುಂದಿದ್ದು ಕಂಡುಬಂದಿತು. ಅಲ್ಲದೆ ತುಂಬು ಬಸುರಿಯು ಊಟ ತಪ್ಪಿಸಿದರೆ ಆಕೆಯ ಮೈ ಉಳಿದವರಿಗಿಂತ ಬೇಗನೆ ಉಪವಾಸದ ಸ್ಥಿತಿಗೆ ಜಾರಿ, ಮೇದಸ್ಸು ಅರೆಬರೆಯಾಗಿ ಉರಿದು ಕೀಟೋನ್ ಎಂಬ ದ್ರವ್ಯಗಳು ರಕ್ತದಲ್ಲಿ ಸೇರುತ್ತವೆ. ಆದ್ದರಿಂದ ಸ್ಥೂಲಳಾದರೂ ಬಸುರಿಯು ಒಪ್ಪೊತ್ತು, ಏಕಾದಶಿ, ನಿರಾಹಾರಗಳನ್ನು ಕೈಕೊಳ್ಳತಕ್ಕದ್ದಲ್ಲ. ಬೊಜ್ಜು ಕರಗಿಸುವುದೆಂದು ಮಾರುವ ಮಾತ್ರೆ, ಚುಚ್ಚುಮದ್ದು, ಚೂರ್ಣ, ಕಷಾಯಗಳನ್ನಂತೂ ಮುಟ್ಟಲೇಬಾರದು.

ಈಗ ಊಟದ ವಿಚಾರಕ್ಕೆ ಬರೋಣ. ಬಸುರಿಗೆ ದಿನಕ್ಕೆ ೩೫೦ ಕ್ಯಾಲೊರಿ ಹೆಚ್ಚು ಬೇಕೆಂದೂ, ಕೊನೆಯ ಮೂರು ತಿಂಗಳಲ್ಲಿ ಸಸಾರಜನಕವು ೨೨ ಗ್ರಾಮಿನಷ್ಟು ಹೆಚ್ಚು ಬೇಕೆಂದೂ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು ೨೦೨೦ರಲ್ಲಿ ಗೊತ್ತುಮಾಡಿತು. ೩೫೦ ಕ್ಯಾಲೊರಿ ಎಂದರೆ ಎಷ್ಟು? ಒಂದು ಲೋಟ ಹಾಲು, ಒಂದು ಬಾಳೆಯ ಹಣ್ಣು, ಒಂದು ಹಿಡಿ ಕಾಳಿನ ಉಸಲಿ, ಅಲ್ಲಿಗೆ ಮುಗಿಯಿತು. 'ಇಬ್ಬರ ಊಟ' ಎಂಬುದು ವಾಸ್ತವವಾಗಿ ಇಷ್ಟೇ. ಮೈಯಲ್ಲಿ ಕೂಡಿಟ್ಟದ್ದು ಮೊದಲೇ ಇರುವವಳಿಗೆ ಇಷ್ಟೂ ಬೇಕಾಗದಿರಬಹುದು. ಆದರೆ ಕ್ಯಾಲೊರಿ ಕಡಿಮೆ ಬೇಕೆಂದ ಮಾತ್ರಕ್ಕೆ ಸಸಾರಜನಕ, ಕಬ್ಬಿಣ, ಸುಣ್ಣದಂಶಗಳು ಕಡಿಮೆ ಸಾಕೆಂದು ಅರ್ಥವಲ್ಲ. ಮೈ ದಪ್ಪಗಿದ್ದೂ ರಕ್ತ ತೆಳ್ಳಗಿರುವ ಸ್ತ್ರೀಯರು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ. ಸರ್ಕಾರದಿಂದ ಕೊಡುವ ಕಬ್ಬಿಣದ ಮಾತ್ರೆಗಳನ್ನು, 'ನನಗೇನು, ಮೈ ತುಂಬಿದೆ' ಎಂದು ಬದಿಗಿಡಬಾರದು.

ತಟ್ಟೆಯನ್ನು ಹೀಗೆ ಹಂಚಿಕೊಳ್ಳಿರಿ: ಅರ್ಧ ಭಾಗ ಸೊಪ್ಪು ತರಕಾರಿ ಕೋಸಂಬರಿ, ಕಾಲು ಭಾಗ ಬೇಳೆ ಕಾಳು, ತಿನ್ನುವವರಾದರೆ ಮೊಟ್ಟೆ ಮೀನು, ಉಳಿದ ಕಾಲು ಭಾಗ ಅನ್ನ ಮುದ್ದೆ ಚಪಾತಿ. ನಮ್ಮ ಹಳ್ಳಿಯ ಬಸ್ಸಾರು, ಮಸ್ಸೊಪ್ಪು, ಮೊಳಕೆ ಹುರುಳಿಯ ಸಾರು, ಅವರೆಕಾಳಿನ ಹುಳಿ ಇವು ಈ ಲೆಕ್ಕಕ್ಕೆ ಹೇಳಿ ಮಾಡಿಸಿದಂತಿವೆ. ರಾಗಿಯಲ್ಲಿ ನೂರು ಗ್ರಾಮಿಗೆ ಮುನ್ನೂರು ಮಿಲಿಗ್ರಾಮಿಗೂ ಮೀರಿ ಸುಣ್ಣದಂಶವಿದೆ. ಬಸುರಿಗೆ ಅದು ಒಳ್ಳೆಯ ಧಾನ್ಯ. ಆದರೆ ರಾಗಿಯೂ ಪಿಷ್ಟವೇ. ಮುದ್ದೆಯಾದರೆ ಸಕ್ಕರೆ ಏರದೆಂದು ತಿಳಿದು ಎರಡರ ಕಡೆಗೆ ಮೂರು ಮುದ್ದೆ ಉಣ್ಣುವುದು ಸಲ್ಲದು. ಮೂರು ಹೊತ್ತಿನ ಭಾರಿ ಊಟಕ್ಕೆ ಬದಲಾಗಿ ಮೂರು ಹಗುರವಾದ ಊಟ, ನಡುನಡುವೆ ಎರಡು ಮೂರು ಸಣ್ಣ ತಿಂಡಿಗಳಾಗಿ ಹಂಚಿದರೆ ರಕ್ತದ ಸಕ್ಕರೆ ಒಮ್ಮೆಗೇ ಏರುವುದಿಲ್ಲ, ಎದೆಯುರಿಯೂ ತಗ್ಗುತ್ತದೆ.

ಎಲ್ಲಿ ಕಡಿಮೆ ಮಾಡಬೇಕು? ಕಾಣದೆ ಒಳಗೆ ಹೋಗತಕ್ಕವುಗಳಲ್ಲಿ. ಒಂದು ದೊಡ್ಡ ಚಮಚ ತುಪ್ಪದಲ್ಲಿ ಸುಮಾರು ೧೩೫ ಕ್ಯಾಲೊರಿ ಇದೆ. ಬಿಸಿ ಅನ್ನದ ಮೇಲೆ ಅಕ್ಕರೆಯಿಂದ ಎರಡು ಬಾರಿ ಸುರಿದರೆ ಬಸುರಿಗೆ ಬೇಕಾದ ಹೆಚ್ಚಿನ ಆಹಾರದಲ್ಲಿ ಮುಕ್ಕಾಲು ಪಾಲು ಅದರಲ್ಲಿಯೇ ತೀರಿತು. ಎರಡೆರಡು ಚಮಚ ಸಕ್ಕರೆ ಹಾಕಿದ ಮೂರು ಲೋಟ ಕಾಫಿಯಲ್ಲಿ, ಹಾಲನ್ನು ಬಿಟ್ಟು ಸಕ್ಕರೆಯೊಂದರಿಂದಲೇ ೧೨೦ ಕ್ಯಾಲೊರಿ. ಹಣ್ಣಿನ ರಸಕ್ಕಿಂತ ಹಣ್ಣು ಮೇಲು. ಸೀಸೆಯ ಪಾನಕಕ್ಕಿಂತ ನೀರುಮಜ್ಜಿಗೆ ಮೇಲು. ಸೀಮಂತದ ಕಾಲದಲ್ಲಿ ನೆಂಟರಿಷ್ಟರು ತಂದು ತುಂಬುವ ಚಕ್ಕುಲಿ, ರವೆಯುಂಡೆ, ಕೊಬ್ಬರಿ ಮಿಠಾಯಿಗಳನ್ನು ಬೇಡವೆನ್ನುವುದು ಅಮಂಗಳವೆಂದು ಭಾವಿಸಬೇಕಾದದ್ದಿಲ್ಲ. ಒಂದನ್ನು ಬಾಯಿಗೆ ಹಾಕಿಕೊಂಡು ಉಳಿದದ್ದನ್ನು ಬಂದ ಮಕ್ಕಳಿಗೆ ಹಂಚಿದರೆ ಶಾಸ್ತ್ರವೂ ಉಳಿಯಿತು, ಮೈಯೂ ಉಳಿಯಿತು. ಬಯಕೆಯನ್ನು ತೀರಿಸುವುದು ನಮ್ಮ ಸಂಪ್ರದಾಯ. ಒಂದು ತುತ್ತಿನಿಂದ ತೀರುವ ಬಯಕೆಗೆ ಒಂದು ಡಬ್ಬಿ ಬೇಕಿಲ್ಲ.

ಊಟದಷ್ಟೇ ಮುಖ್ಯವಾದದ್ದು ನಡಿಗೆ. ತುಂಬು ಬಸುರಿ ಅಲುಗಾಡಬಾರದೆಂಬುದು ತಪ್ಪು ತಿಳಿವಳಿಕೆ. ವೈದ್ಯರು ನಿಷೇಧಿಸದ ಬಸುರಿಯರು ವಾರಕ್ಕೆ ೧೫೦ ನಿಮಿಷಗಳಷ್ಟು ಮಿತವಾದ ಶ್ರಮವನ್ನು ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೨೦ರಲ್ಲಿ ಸಲಹೆ ಕೊಟ್ಟಿತು. ದಿನಕ್ಕೆ ಅರ್ಧ ಗಂಟೆಯಂತೆ ವಾರದಲ್ಲಿ ಐದು ದಿನವಾಯಿತು. ಅದನ್ನೂ ಒಂದೇ ಸಲಕ್ಕೆ ಮಾಡಬೇಕಾದದ್ದಿಲ್ಲ. ಮೂರು ಹೊತ್ತಿನ ಊಟದ ಬಳಿಕ ಹತ್ತು ಹತ್ತು ನಿಮಿಷ ಅಂಗಳದಲ್ಲಿ ನಡೆದರೂ ಸಾಕು. ಊಟವಾದ ಕೂಡಲೆ ನಡೆದವರ ಮೈಯಲ್ಲಿ ಸಕ್ಕರೆ ಚೆನ್ನಾಗಿ ಖರ್ಚಾಗುತ್ತದೆ. ನಡಿಗೆಯ ಮಿತಿಗೆ ಗುರುತೇನೆಂದರೆ, ಜೊತೆಯವರೊಡನೆ ಮಾತನಾಡಲು ಆಗಬೇಕು, ಹಾಡುವಷ್ಟು ಉಸಿರು ಉಳಿದಿರಬಾರದು. ಈ ಮೊದಲು ನಡೆದು ಅಭ್ಯಾಸವಿಲ್ಲದವಳು ಐದು ನಿಮಿಷದಿಂದ ಆರಂಭಿಸತಕ್ಕದ್ದು. ರಕ್ತ ಕಂಡರೆ, ನೀರು ಹೋದರೆ, ಎದೆನೋವು, ತಲೆಸುತ್ತು, ಬಿಟ್ಟುಬಿಟ್ಟು ಬರುವ ಹೊಟ್ಟೆನೋವು ಇವುಗಳಲ್ಲಿ ಯಾವುದಾದರೂ ತೋರಿದರೆ ಕೂಡಲೆ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಮಲಗುವಾಗ ಅಂಗಾತ ಮಲಗದೆ ಮಗ್ಗುಲಾಗಿ ಮಲಗತಕ್ಕದ್ದು. ಏಳು ತಿಂಗಳಾದ ಬಳಿಕ ಅಂಗಾತ ಮಲಗಿ ನಿದ್ದೆಹೋಗುವ ಅಭ್ಯಾಸವು ಕೂಸಿಗೆ ಒಳ್ಳೆಯದಲ್ಲ. ಜೋರಾಗಿ ಗೊರಕೆ ಹೊಡೆಯುತ್ತಾ, ನಡುವೆ ಉಸಿರು ಕಟ್ಟಿದಂತಾಗಿ, ಹಗಲೆಲ್ಲ ತೂಕಡಿಸುವವಳಿದ್ದರೆ ಅದನ್ನು ನಗೆಯ ವಿಷಯ ಮಾಡದೆ ವೈದ್ಯರಿಗೆ ತಿಳಿಸಬೇಕು. ಒತ್ತಡಕ್ಕೂ ಅದಕ್ಕೂ ಸಂಬಂಧವುಂಟು.

ಇನ್ನು ಪರೀಕ್ಷೆಗಳು. ಕೊನೆಯ ತಿಂಗಳುಗಳಲ್ಲಿ ಪ್ರತಿ ಭೇಟಿಯಲ್ಲಿಯೂ ತೂಕ, ಒತ್ತಡ, ಮೂತ್ರ ಇವುಗಳನ್ನು ನೋಡಿಸತಕ್ಕದ್ದು. ದಪ್ಪ ತೋಳಿಗೆ ಸಾಧಾರಣ ಪಟ್ಟಿಯನ್ನು ಸುತ್ತಿದರೆ ಒತ್ತಡವು ಇದ್ದದ್ದಕ್ಕಿಂತ ಹೆಚ್ಚಾಗಿ ತೋರುತ್ತದೆ. ಆದ್ದರಿಂದ ಅಗಲವಾದ ಪಟ್ಟಿಯಲ್ಲಿ ನೋಡಿರೆಂದು ಕೇಳುವುದರಲ್ಲಿ ಸಂಕೋಚ ಬೇಡ. ಒತ್ತಡ ೧೪೦/೯೦ ಮುಟ್ಟಿದರೆ ಎಚ್ಚರ. ವಾರದಲ್ಲಿ ಕಾಲು ಕಿಲೋಗ್ರಾಂ ಏರುತ್ತಿದ್ದ ತೂಕ ಇದ್ದಕ್ಕಿದ್ದಂತೆ ಒಂದು ಕಿಲೋಗ್ರಾಮಿಗೂ ಮೀರಿ ಏರಿ, ಮುಖ ಕೈಗಳು ಊದಿಕೊಂಡರೆ, ಅದು ಊಟದ ಫಲವಲ್ಲ. ಮೈಯಲ್ಲಿ ನೀರು ನಿಂತದ್ದು. ಅದರೊಡನೆ ತೀವ್ರವಾದ ತಲೆನೋವು, ಕಣ್ಣು ಮಂಜಾಗುವುದು, ಪಕ್ಕೆಲುಬಿನ ಕೆಳಗೆ ನೋವು ಸೇರಿದರೆ ಬೆಳಗಾಗುವವರೆಗೆ ಕಾಯತಕ್ಕದ್ದಲ್ಲ. ಸಕ್ಕರೆಯ ಪರೀಕ್ಷೆಗೆ ನಮ್ಮ ದೇಶದಲ್ಲಿ ಸುಲಭವಾದ ಕ್ರಮವಿದೆ: ೭೫ ಗ್ರಾಂ ಗ್ಲೂಕೋಸನ್ನು ನೀರಿನಲ್ಲಿ ಕುಡಿಸಿ ಎರಡು ಗಂಟೆಯ ಮೇಲೆ ರಕ್ತವನ್ನು ನೋಡುತ್ತಾರೆ, ೧೪೦ ಮಿಲಿಗ್ರಾಂ ಇಲ್ಲವೆ ಮೇಲಿದ್ದರೆ ಬಸುರಿನ ಸಿಹಿಮೂತ್ರವೆಂದು ಹೇಳುತ್ತಾರೆ. ಹಸಿದ ಹೊಟ್ಟೆಯಲ್ಲಿ ಬರಬೇಕೆಂಬ ನಿರ್ಬಂಧವಿಲ್ಲ. ದೂರದ ಹಳ್ಳಿಯಿಂದ ಬರುವ ಸ್ತ್ರೀಗೆ ಇದು ದೊಡ್ಡ ಅನುಕೂಲ. ೨೪ರಿಂದ ೨೮ ವಾರಗಳೊಳಗೆ ಇದನ್ನು ಮಾಡಿಸದೆ ಬಿಟ್ಟಿದ್ದವರು ಇನ್ನು ಪ್ರಯೋಜನವಿಲ್ಲವೆಂದು ಸುಮ್ಮನಿರದೆ ಈಗಲಾದರೂ ಮಾಡಿಸತಕ್ಕದ್ದು. ಸಕ್ಕರೆ ಏರಿದ್ದರೆ ಎರಡು ವಾರ ಪಥ್ಯ, ನಡಿಗೆ. ಊಟವಾದ ಎರಡು ಗಂಟೆಯ ಮೇಲೂ ೧೨೦ಕ್ಕೆ ಇಳಿಯದಿದ್ದರೆ ಔಷಧ. ಇನ್ಸುಲಿನ್ ಎಂದೊಡನೆ ಬೆಚ್ಚಬೇಕಾದದ್ದಿಲ್ಲ. ಅದು ಕೂಸನ್ನು ಮುಟ್ಟುವುದಿಲ್ಲವೆಂದು ಮೊದಲೇ ಹೇಳಿದೆವು. ೨೦೧೬ರಿಂದ ಪ್ರತಿ ತಿಂಗಳ ೯ನೆಯ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗಾಗಿ ವಿಶೇಷ ತಪಾಸಣೆಯನ್ನು ಹಣವಿಲ್ಲದೆ ಮಾಡುವ ಏರ್ಪಾಡಿದೆ. ಎಲ್ಲಕ್ಕಿಂತ ಅಗ್ಗವಾದ ಪರೀಕ್ಷೆಯು ತಾಯಿಯ ಕೈಯಲ್ಲಿಯೇ ಇದೆ: ಕೂಸಿನ ಮಿಸುಕಾಟ. ಅದು ದಿನದಂತಿರದೆ ಕಡಿಮೆಯಾಯಿತೆಂದು ಮನಸ್ಸಿಗೆ ತೋರಿದರೆ ಆ ದಿನವೇ ಆಸ್ಪತ್ರೆಗೆ ಹೋಗತಕ್ಕದ್ದು. ಹೊಟ್ಟೆಯ ಮೇಲೆ ಮೇದಸ್ಸು ದಪ್ಪಗಿದ್ದರೆ ಕೈಯಿಂದ ಮುಟ್ಟಿ ಕೂಸಿನ ಬೆಳವಣಿಗೆಯನ್ನು ಅಳೆಯುವುದು ವೈದ್ಯರಿಗೂ ಕಷ್ಟ. ಇಂಥಲ್ಲಿ ತಾಯಿಯ ಮಾತಿಗೆ ಇನ್ನಷ್ಟು ಬೆಲೆ.

ಹೆರಿಗೆಯ ಸ್ಥಳವನ್ನು ಎಂಟನೆಯ ತಿಂಗಳಲ್ಲಿಯೇ ಗೊತ್ತುಮಾಡಿಕೊಳ್ಳಬೇಕು. ಶಸ್ತ್ರಕ್ರಿಯೆಯ ಅನುಕೂಲ, ರಕ್ತದ ಅನುಕೂಲ, ಅರಿವಳಿಕೆಯ ವೈದ್ಯರು ಈ ಮೂರೂ ಇರುವ ಆಸ್ಪತ್ರೆ ಬೇಕು. ಬೆನ್ನಿನಲ್ಲಿ ಸೂಜಿ ಹಾಕಿ ಅರಿವಳಿಕೆ ಕೊಡುವುದು ಭಾರವಾದ ಮೈಯವರಲ್ಲಿ ನಿಧಾನವಾದ ಕೆಲಸ. ನಡುರಾತ್ರಿಯ ಗಡಿಬಿಡಿಯಲ್ಲಿ ಮೊದಲ ಸಲ ನೋಡುವುದಕ್ಕಿಂತ ಅರಿವಳಿಕೆಯ ವೈದ್ಯರು ಮುಂಚಿತವಾಗಿ ಒಮ್ಮೆ ನೋಡಿರುವುದು ಲೇಸು. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವ ಪದ್ಧತಿಯವರು, ತವರಿನಿಂದ ಅಂಥ ಆಸ್ಪತ್ರೆ ಎಷ್ಟು ದೂರ, ರಾತ್ರಿ ಗಾಡಿ ಸಿಕ್ಕುವುದೇ ಎಂಬುದನ್ನು ವಿಚಾರಿಸಿದ ಮೇಲೆಯೇ ಹೊರಡಬೇಕು. ಹೆರಿಗೆಯಾದ ಬಳಿಕ ವೈದ್ಯರು ಅಪ್ಪಣೆ ಕೊಟ್ಟೊಡನೆ ಎದ್ದು ಓಡಾಡತಕ್ಕದ್ದು. ಒಂದು ಕಾಲು ಮಾತ್ರ ಊದಿ ನೋಯುತ್ತಿದ್ದರೆ ಕೂಡಲೆ ಹೇಳತಕ್ಕದ್ದು. ಭಾರವಾದ ಮೈಯವರಲ್ಲಿ ಹಾಲು ಇಳಿಯುವುದು ಒಂದೆರಡು ದಿನ ತಡವಾಗುವುದುಂಟು. ಎದೆಗುಂದದೆ ಮೊದಲ ಗಂಟೆಯಿಂದಲೇ ಕೂಸನ್ನು ಎದೆಗೆ ಹಿಡಿಯುತ್ತಿರಬೇಕು. ಬಸುರಿನಲ್ಲಿ ಸಕ್ಕರೆ ಏರಿದ್ದವರು ಆರು ವಾರದ ಮೇಲೆ ಮತ್ತೊಮ್ಮೆ ಪರೀಕ್ಷೆ ಮಾಡಿಸುವುದನ್ನು ಮರೆಯಕೂಡದು.

ಇಷ್ಟೆಲ್ಲ ಮಾಡಿದರೆ ಫಲವೆಷ್ಟು? ಉತ್ಪ್ರೇಕ್ಷೆಯ ಮಾತು ನಮಗೆ ಬೇಡ. ಆಸ್ಟ್ರೇಲಿಯದ ಅಡಿಲೇಡ್ ನಗರದಲ್ಲಿ ಅಧಿಕ ತೂಕದ ೨,೨೧೨ ಬಸುರಿಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಊಟ ನಡಿಗೆಗಳ ವಿಶೇಷ ಸಲಹೆ ಕೊಟ್ಟು ನೋಡಿದರು. ೨೦೧೪ರಲ್ಲಿ ಹೊರಬಂದ ಫಲದಲ್ಲಿ, ತಿಂಗಳಿಗೆ ತಕ್ಕ ಅಳತೆಗಿಂತ ದೊಡ್ಡದಾದ ಕೂಸುಗಳ ಸಂಖ್ಯೆಯಲ್ಲಿ ಖಚಿತವಾದ ಇಳಿಕೆ ಕಾಣಲಿಲ್ಲ. ಆದರೆ ನಾಲ್ಕು ಕಿಲೋಗ್ರಾಂ ಮೀರಿದ ಕೂಸುಗಳು ನೂರಕ್ಕೆ ೧೯ರಿಂದ ೧೫ಕ್ಕೆ ಇಳಿದವು. ಲೋಕದ ೩೬ ಪ್ರಯೋಗಗಳ, ಹನ್ನೆರಡು ಸಾವಿರಕ್ಕೂ ಹೆಚ್ಚು ಸ್ತ್ರೀಯರ ಲೆಕ್ಕವನ್ನು ೨೦೧೭ರಲ್ಲಿ ಒಟ್ಟುಗೂಡಿಸಿದಾಗ ತೂಕದ ಏರಿಕೆ ಸರಾಸರಿ ೭೦೦ ಗ್ರಾಂ ತಗ್ಗಿದ್ದೂ, ಶಸ್ತ್ರಕ್ರಿಯೆಯ ಹೆರಿಗೆಗಳು ಸ್ವಲ್ಪ ಕಡಿಮೆಯಾದದ್ದೂ, ತಾಯಿಗಾಗಲಿ ಕೂಸಿಗಾಗಲಿ ಕೇಡಾಗದ್ದೂ ಕಂಡಿತು. ಲಾಭ ದೊಡ್ಡದಲ್ಲ, ಆದರೆ ನಿಜವಾದದ್ದು. ಖರ್ಚಂತೂ ಏನೂ ಇಲ್ಲ. ಕೊನೆಯ ಮೂರು ತಿಂಗಳ ಪಥ್ಯದಿಂದ ಹಲವು ವರ್ಷಗಳ ಬೊಜ್ಜಿನ ಫಲವೆಲ್ಲ ಅಳಿಯದು. ಆದುದರಿಂದಲೇ ಪಥ್ಯದಷ್ಟೇ ಪರೀಕ್ಷೆಗೂ, ಸರಿಯಾದ ಆಸ್ಪತ್ರೆಯ ಆಯ್ಕೆಗೂ ನಾವು ಒತ್ತು ಕೊಟ್ಟದ್ದು.

ಕಡೆಯದಾಗಿ ಮನೆಯವರಿಗೆ ಒಂದು ಮಾತು. ಬೊಜ್ಜನ್ನು ಸೋಮಾರಿತನದ ಗುರುತೆಂದು ಆಡಿಕೊಳ್ಳುವುದು ನಮ್ಮಲ್ಲಿ ಸುಲಭವಾಗಿದೆ. ವಂಶ, ವಯಸ್ಸು, ಹಿಂದಿನ ಹೆರಿಗೆಗಳು, ಬಡತನದಲ್ಲಿ ಅಗ್ಗವಾಗಿ ಸಿಕ್ಕುವ ಪಿಷ್ಟದ ಊಟ, ನಡೆಯಲು ಜಾಗವಿಲ್ಲದ ಬೀದಿ ಇವೆಲ್ಲವೂ ಅದರಲ್ಲಿ ಪಾಲುಗಾರರು. ಆಡಿಕೊಂಡ ಮಾತಿಗೆ ನಾಚಿ ಆಸ್ಪತ್ರೆಗೆ ಹೋಗುವುದನ್ನೇ ಬಿಟ್ಟ ಬಸುರಿಗೆ ಆಗುವ ನಷ್ಟವು ಎರಡು ಚಮಚ ತುಪ್ಪದ ನಷ್ಟಕ್ಕಿಂತ ಎಷ್ಟೋ ದೊಡ್ಡದು. ಅತ್ತೆಯಾದವಳು ಬಡಿಸುವಾಗ ಒಂದು ಸೌಟು ಅನ್ನ ಕಡಿಮೆ ಮಾಡಿ ಒಂದು ಸೌಟು ಪಲ್ಯ ಹೆಚ್ಚು ಹಾಕಲಿ. ಗಂಡನಾದವನು ಸಂಜೆ ಹತ್ತು ನಿಮಿಷ ಜೊತೆಯಲ್ಲಿ ನಡೆಯಲಿ. ತಾಯಿಯಾದವಳು ತಪಾಸಣೆಯ ದಿನವನ್ನು ನೆನಪಿಟ್ಟುಕೊಂಡು ಜೊತೆಗೆ ಹೋಗಲಿ. ನಮ್ಮ ಹಿರಿಯರು ಬಸುರಿಗೆ ಕೊಡಬೇಕೆಂದ ಅಕ್ಕರೆಯಲ್ಲಿ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಬೇಕಾದದ್ದಿಲ್ಲ. ಅದು ಬರುವ ಪಾತ್ರೆ ಮಾತ್ರ ಬದಲಾಗಬೇಕು. ದಿನ ತುಂಬಿದ ಸೋದರಿಯರೆಲ್ಲರೂ ಸುಖವಾಗಿ ಹೆತ್ತು, ತಾಯಿ ಮಕ್ಕಳಿಬ್ಬರೂ ಕ್ಷೇಮವಾಗಿರಲೆಂದು ಹಾರೈಸಿ ನಮ್ಮ ಮಾತನ್ನು ಮುಗಿಸುತ್ತೇವೆ.